ಲಾಠಿ ಇಲ್ಲದ ಪೊಲೀಸರ ಸಂಬಳ

ಅಮ್ಮ ಹಾಸನದಿಂದ ಬ್ರಿಟನ್ನಿನ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬಂದಿದ್ದಾಗ ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಕಿಟಕಿಯಲ್ಲಿ ಇಣುಕಿದ ಅಮ್ಮನಿಗೆ ಗಾಬರಿ: "ಪೊಲೀಸ್ನೋರು ಬಂದವ್ರೆ, ಏನ್ ಮಾಡ್ಕೊಂಡ್ಯೋ?" ಬಂದಿದ್ದಾಕೆ ನಮ್ಮ ಬಡಾವಣೆಯ ಪೊಲೀಸ್ ಸಮುದಾಯ ಬೆಂಬಲ ಅಧಿಕಾರಿ, ಇಲ್ಲಿನವರ ಬಾಯಲ್ಲಿ ಪಿಸಿಎಸ್‌ಒ. ಸೈಕಲ್ ಕಳುವು ಜಾಸ್ತಿಯಾಗಿದೆ, ನಿಮ್ಮದಕ್ಕೆ ಗುರುತು ಹಾಕಿಸಿಕೊಳ್ಳಿ ಎಂದು ಹೇಳಿ ಹೋದರು. ಅಮ್ಮನ ಕಣ್ಣು ಮಾತ್ರ ಅವರ ಸೊಂಟದ ಮೇಲೆ. "ಲಾಠಿ ಎಲ್ಲೋ?"

ಲಾಠಿ ಇಲ್ಲ, ಪೊಲೀಸರಿಗಿರುವ ಬಂಧನದ ಅಧಿಕಾರವೂ ಇಲ್ಲ. 2002ರ ಕಾಯ್ದೆಯಿಂದ ಹುಟ್ಟಿದ ಹುದ್ದೆ ಇದು. ಕಸ ಎಸೆದವರಿಗೆ ದಂಡ ಹಾಕಬಹುದು, ಹುಡುಗರ ಕೈಯ ಮದ್ಯದ ಬಾಟಲಿ ಕಿತ್ತುಕೊಳ್ಳಬಹುದು. ಉಳಿದಂತೆ ಕೆಲಸವೆಂದರೆ ನಡೆಯುವುದು, ಮಾತಾಡಿಸುವುದು, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆಂದು ತಿಳಿದಿರುವುದು. ಇಲ್ಲಿನ ಪೊಲೀಸ್ ಗಾಡಿಗಳ ಮೇಲೆ ವೆಲ್ಶ್ ಭಾಷೆಯಲ್ಲಿ 'ಹೆದ್ಲಿ' ಎಂದಿರುತ್ತದೆ. ಬಿಡಿಸಿ ಹೇಳಿದರೆ ಶಾಂತಿಪಡೆ. ಆ ಹೆಸರು ಲಾಠಿ ಇಲ್ಲದ ಇವರಿಗೇ ಹೆಚ್ಚು ಒಪ್ಪುತ್ತದೆ.

ನನಗೆ ಸೋಜಿಗವೆನಿಸುವುದು ಇವರ ಸಂಬಳ. ವೇಲ್ಸ್‌ನ ನಾಲ್ಕು ಪೊಲೀಸ್ ಪಡೆಗಳ ಮೇಲೆ ಕಾರ್ಡಿಫ್‌ನ ಸರ್ಕಾರಕ್ಕೆ ಅಧಿಕಾರವಿಲ್ಲ. ಪೊಲೀಸ್ ವಿಷಯ ಲಂಡನ್ನಿನ ಕೈಯಲ್ಲಿದೆ. ಸ್ಕಾಟ್ಲೆಂಡಿಗೆ ಸಿಕ್ಕಿದ ಈ ಅಧಿಕಾರ ವೇಲ್ಸ್‌ಗೆ ಸಿಕ್ಕಿಲ್ಲ. ಆದರೂ 2011ರ ಚುನಾವಣೆಯಲ್ಲಿ ಇಲ್ಲಿನ ಲೇಬರ್ ಪಕ್ಷ 500 ಹೆಚ್ಚುವರಿ ಪಿಸಿಎಸ್‌ಒಗಳ ಸಂಬಳ ಭರಿಸುವ ಮಾತು ಕೊಟ್ಟಿತು, ಮತ್ತೆ ಅಧಿಕಾರಕ್ಕೆ ಬಂದು ಉಳಿಸಿಕೊಂಡಿತು. 2021ರಲ್ಲಿ ಇನ್ನೂ 100 ಜನರ ಮಾತು. ಹಸು ಯಾರದೋ, ಹುಲ್ಲು ಹಾಕುವವರು ಇನ್ಯಾರೋ!

ಹುಲ್ಲಿಗೆ ನಾನೂ ದುಡ್ಡು ಕೊಡುತ್ತೇನೆ. ವರ್ಷಕ್ಕೊಮ್ಮೆ ಬರುವ, ಮನೆಯ ಮೇಲಿನ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ತೆರಿಗೆಯ ಬಿಲ್ಲಿನಲ್ಲಿ ಪೊಲೀಸರ ಪಾಲು ಬೇರೆಯದೇ ಸಾಲಾಗಿ ನಮೂದಾಗಿರುತ್ತದೆ. ಆ ಪಾಲು ಎಷ್ಟೆಂದು ಗೊತ್ತುಮಾಡುವುದು ಜನರೇ ಆರಿಸುವ 'ಪೊಲೀಸ್ ಮತ್ತು ಅಪರಾಧ ಕಮಿಷನರ್'. 2012ರ ನವೆಂಬರಿನಲ್ಲಿ ಅವರ ಮೊದಲ ಚುನಾವಣೆ ನಡೆದಾಗ ನ್ಯೂಪೋರ್ಟಿನ ಬೆಟ್ಟೂಸ್ ಬಡಾವಣೆಯ ಒಂದು ಮತಗಟ್ಟೆಗೆ ದಿನವಿಡೀ ಒಬ್ಬರೂ ಬರಲಿಲ್ಲ. ಈಗ 2028ಕ್ಕೆ ಆ ಹುದ್ದೆಯನ್ನೇ ತೆಗೆಯಲು ಹೊರಟಿದ್ದಾರೆ. ನನಗೇನೂ ಬೇಜಾರಿಲ್ಲ. ಆದರೆ ಬಿಲ್ಲಿನ ಆ ಸಾಲು ಉಳಿಯಲಿ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವ ನನ್ನ ಅಣ್ಣನಿಗೆ ತನ್ನ ಬೀಟಿನ ಪೇದೆಗೆ ಎಷ್ಟು ಖರ್ಚಾಗುತ್ತದೆಂದು ಯಾವ ಕಾಗದವೂ ಹೇಳುವುದಿಲ್ಲ.

ನಮ್ಮಲ್ಲಿ ಎಲ್ಲ ತಿರುಗುಮುರುಗು. ಸಂವಿಧಾನದ ಪ್ರಕಾರ ಪೊಲೀಸ್ ರಾಜ್ಯದ ವಿಷಯ. ವೇಲ್ಸ್ ಬೇಡುತ್ತಿರುವ ಅಧಿಕಾರ ಕರ್ನಾಟಕಕ್ಕೆ ಹುಟ್ಟಿನಿಂದಲೇ ಇದೆ. ದೆಹಲಿಯೂ ಮೇಲಿನಿಂದ ಕೈಹಾಕುತ್ತದೆ: ಬೆಂಗಳೂರಿನ ಸೇಫ್ ಸಿಟಿ ಯೋಜನೆಗೆ ನಿರ್ಭಯಾ ನಿಧಿಯಿಂದ ದುಡ್ಡು ಬಂತು. ಆ ದುಡ್ಡಿನ ದೊಡ್ಡ ಗುರುತೆಂದರೆ ಕಂಬಗಳ ಮೇಲಿನ ಕ್ಯಾಮೆರಾ. ಕ್ಯಾಮೆರಾ ಬೇಡವೆನ್ನುತ್ತಿಲ್ಲ, ಆದರೆ ಅದಕ್ಕೆ ನಮ್ಮ ಅಮ್ಮನ ಹೆಸರು ಗೊತ್ತಿಲ್ಲ. 2025ರ ಜುಲೈನಲ್ಲಿ ಕರ್ನಾಟಕ ಶುರುಮಾಡಿದ 'ಮನೆ ಮನೆಗೆ ಪೊಲೀಸ್' ನನಗೆ ಹಿಡಿಸಿದ್ದು ಅದಕ್ಕೇ. ಅನುಮಾನ ಒಂದೇ: ಬಂದೋಬಸ್ತ್, ಕೋರ್ಟು, ವಿಐಪಿ ಎಂದು ಓಡುವ ಅದೇ ಪೇದೆ ಮನೆಮನೆಗೂ ಹೋಗಬೇಕು. ಇಲ್ಲಿ ಆ ಕೆಲಸಕ್ಕೆಂದೇ ಬೇರೆ ಜನ, ಬೇರೆ ದುಡ್ಡು.

ಹಾಗೆಂದು ವೇಲ್ಸ್ ಸ್ವರ್ಗವಲ್ಲ. ತನ್ನ ಹೊಣೆಯಲ್ಲದ ಖರ್ಚಿಗೆ ಮೊದಲು ಕತ್ತರಿ ಬೀಳುತ್ತದೆ. 2024ರ ಬಜೆಟ್‌ನಲ್ಲಿ ಕೈ ಬಿಗಿಯಾದಾಗ ಪಿಸಿಎಸ್‌ಒಗಳ ಅನುದಾನಕ್ಕೂ ಬಿತ್ತು. ಪೊಲೀಸ್ ನಮ್ಮ ವಿಷಯವಲ್ಲವಲ್ಲ ಎಂದು ಕಾರ್ಡಿಫ್‌ನ ಸರ್ಕಾರ ಹೇಳಿದರೆ ಮರುಮಾತಿಲ್ಲ. ಕರ್ನಾಟಕದ ಗೃಹಮಂತ್ರಿಗೆ ಆ ನೆಪವೂ ಇಲ್ಲ.

ಅಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾರೆ: "ಆ ಲಾಠಿ ಇಲ್ದಿರೋ ಹುಡುಗಿ ಮತ್ತೆ ಬಂದಿದ್ಲಾ?"