ಆಟಿಸಂ ಮಗುವಿಗೆ ಅಪ್ಪ-ಅಮ್ಮನೇ ಥೆರಪಿಸ್ಟ್ ಆಗಬೇಕಾ?

ಪರ: ಯಾರೋ ಬರ್ತಾರೆ ಅಂತ ಕಾಯೋಕಾಗಲ್ಲ
ಬರೆದವರು: ಬಳ್ಳಾರಿಯ ಒಬ್ಬ ತಾಯಿ

ಬಳ್ಳಾರಿಯಿಂದ ಬೆಂಗಳೂರಿಗೆ 300 ಕಿಲೋಮೀಟರ್ ಮೇಲಾಗುತ್ತದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಇಳಿಯದೆ ಕೂತಿದ್ದರೆ ಮೈಸೂರು. ನಿಮ್ಹಾನ್ಸ್‌ಗೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಹೋಗಿ ಮಗುವನ್ನು ತೋರಿಸಿಕೊಂಡು ಬರುವುದು ಕಷ್ಟವಾದರೂ ಆಗದ ಮಾತಲ್ಲ. ನಾವೂ ಹೋಗಿಬಂದೆವು. ಆದರೆ ಬಿಹೇವಿಯರ್ ಥೆರಪಿ, ಅಂದರೆ ನಡವಳಿಕೆ ಕಲಿಸುವ ತಿದ್ದುವ ಚಿಕಿತ್ಸೆ, ಒಂದು ಸಲ ಚೀಟಿ ಬರೆಸಿಕೊಂಡು ಬಂದರೆ ಮುಗಿಯುವ ಕೆಲಸವಲ್ಲ. ಅದು ದಿನಾ ಆಗಬೇಕು, ವರ್ಷಗಟ್ಟಲೆ ಆಗಬೇಕು. ದಿನಾ ರೈಲು ಹತ್ತೋಕಾಗುತ್ತಾ? ಮಗುವಿಗಾಗಿ ಬೆಂಗಳೂರಲ್ಲಿ ಮನೆ ಮಾಡಿ, ಗಂಡ ಇಲ್ಲಿ ಹೆಂಡತಿ ಅಲ್ಲಿ ಅಂತ ಬದುಕುತ್ತಿರುವವರು ನನಗೆ ಗೊತ್ತು. ಜೀನ್ಸ್ ಹೊಲಿದು ಸಂಸಾರ ನಡೆಸುವ ಮನೆಗೆ ಅದು ಆಗುವ ಹೋಗುವ ಮಾತೇ ಅಲ್ಲ.

ಹಾಗಾಗಿ ನನ್ನ ಮಾತು ನೇರ. ಇದು ಕಲಿಯಬಹುದಾದ ಕೆಲಸ. ಕಲಿತು ಮನೆಯಲ್ಲೇ ಮಾಡಬೇಕು.

ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಎಲ್ಲರೂ ಎಬಿಎ ಅನ್ನುತ್ತಾರೆ. ಹೆಸರು ದೊಡ್ಡದು, ಒಳಗಿರುವ ವಿಚಾರ ಸರಳ. ಒಂದು ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೊಂದೇ ಕಲಿಸುವುದು. ಮೊದಲು ಕೈ ಹಿಡಿದು ಮಾಡಿಸುವುದು, ಆಮೇಲೆ ಆ ಸಹಾಯವನ್ನು ನಿಧಾನಕ್ಕೆ ಕಡಿಮೆ ಮಾಡುತ್ತಾ ಬರುವುದು. ಮಾಡಿದ ತಕ್ಷಣ ಮಗುವಿಗೆ ಇಷ್ಟವಾದದ್ದು ಸಿಗಬೇಕು. ಐದು ನಿಮಿಷ ಬಿಟ್ಟು ಕೊಟ್ಟರೆ ಯಾವುದಕ್ಕೆ ಕೊಟ್ಟರು ಅಂತ ಮಗುವಿಗೆ ತಿಳಿಯುವುದಿಲ್ಲ.

ನನ್ನ ಮಗನಿಗೆ ಮಂಡಕ್ಕಿ ಅಂದರೆ ಪ್ರಾಣ. ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಡಬ್ಬಿಗೆ ಮಂಡಕ್ಕಿ ಹಾಕಿ, ಮುಚ್ಚಳ ಬಿಗಿಯಾಗಿ ತಿರುಗಿಸಿ ಅವನ ಮುಂದೆ ಇಡುತ್ತಿದ್ದೆ. ಮೊದಲೆಲ್ಲ ನನ್ನ ಕೈ ಎಳೆದು ಡಬ್ಬಿ ಮೇಲೆ ಹಾಕುತ್ತಿದ್ದ. ತೆರೆಯದಿದ್ದರೆ ಕಿರುಚುತ್ತಿದ್ದ. ಮಂಡಕ್ಕಿಯ ಫೋಟೋ ಒಂದನ್ನು ರಟ್ಟಿಗೆ ಅಂಟಿಸಿ ಪಕ್ಕದಲ್ಲಿಟ್ಟೆ. ಅವನ ಅಪ್ಪ ಹಿಂದೆ ಕೂತು, ಅವನ ಕೈಯಿಂದಲೇ ರಟ್ಟು ಎತ್ತಿಸಿ ನನ್ನ ಅಂಗೈಗೆ ಹಾಕಿಸುತ್ತಿದ್ದರು. ರಟ್ಟು ಅಂಗೈಗೆ ಬಿದ್ದ ಕೂಡಲೇ "ಮಂಡಕ್ಕಿ" ಅಂತ ಹೇಳಿ ನಾಲ್ಕೇ ನಾಲ್ಕು ಕಾಳು. ಜಾಸ್ತಿ ಕೊಡಬಾರದು, ಹೊಟ್ಟೆ ತುಂಬಿದರೆ ಮತ್ತೆ ಕೇಳುವುದಿಲ್ಲ. ದಿನ ಕಳೆದಂತೆ ಅಪ್ಪನ ಕೈ ಮೊಣಕೈಗೆ ಸರಿಯಿತು, ಆಮೇಲೆ ಭುಜಕ್ಕೆ, ಆಮೇಲೆ ಬೇಕೇ ಆಗಲಿಲ್ಲ. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ತಾನಾಗಿಯೇ ಬಂದು ಹಿಟ್ಟಿನ ಕೈಗೆ ರಟ್ಟು ಇಟ್ಟ. ಮಾತು ಬಾರದ ಮಗು, ಅತ್ತು ಕಿರುಚದೆ ಕೇಳಿ ಪಡೆದದ್ದು ಅದೇ ಮೊದಲು. ಇದು ನನ್ನ ಸ್ವಂತ ಉಪಾಯವೇನಲ್ಲ. ಪೆಕ್ಸ್ ಅಂತ ಇದರ ಹೆಸರು, 1985ರಲ್ಲಿ ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ್ದು. ಅದನ್ನು ಮಾಡೋಕೆ ನಮಗೆ ಬೇಕಾದದ್ದು ಒಂದು ಡಬ್ಬಿ, ಒಂದು ರಟ್ಟು, ಇಬ್ಬರು ಮನುಷ್ಯರು.

ಚಡ್ಡಿ ಹಾಕಿಕೊಳ್ಳುವುದನ್ನು ಕೊನೆಯಿಂದ ಕಲಿಸಿದೆವು. ಮೊಣಕಾಲಿನ ಮೇಲಕ್ಕೆ ನಾವೇ ಏರಿಸಿ, ಸೊಂಟಕ್ಕೆ ಎಳೆದುಕೊಳ್ಳುವುದನ್ನು ಮಾತ್ರ ಅವನಿಗೆ ಬಿಡುವುದು. ಅದು ಬಂದ ಮೇಲೆ ಅದರ ಹಿಂದಿನ ಹಂತ. ಹೀಗೆ ಮಾಡಿದರೆ ಕೆಲಸ ಮುಗಿಸುವವನು ಪ್ರತಿ ಸಲವೂ ಮಗುವೇ. ಕ್ಲಿನಿಕ್‌ನಲ್ಲಿ ಕಲಿತದ್ದು ಮನೆಯಲ್ಲಿ ಬರುವುದಿಲ್ಲ ಅಂತ ಎಲ್ಲ ಪೋಷಕರೂ ಹೇಳುತ್ತಾರೆ. ನಮ್ಮ ಬಚ್ಚಲು, ನಮ್ಮ ಚೊಂಬು, ನಮ್ಮ ಬಾಗಿಲ ಚಿಲಕ ಇರುವಲ್ಲೇ ಕಲಿತರೆ ಆ ತೊಂದರೆಯೇ ಇಲ್ಲ.

ಸಂಜೆ ಹೊತ್ತು ಕೈ ಕಚ್ಚಿಕೊಳ್ಳುತ್ತಿದ್ದ. ಹಟ ಅಂದರು, ದೃಷ್ಟಿ ಅಂದರು. ನಾವು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ ಬರೆದೆವು: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಹಾಳೆ ತುಂಬುವಷ್ಟರಲ್ಲಿ ಕಂಡಿತು. ಮೊದಲ ಕಾಲಂನಲ್ಲಿ ಬಹುತೇಕ ಮಿಕ್ಸಿ. ಮೂರನೆಯದರಲ್ಲಿ, ಮಿಕ್ಸಿ ಆಫ್ ಮಾಡಿದೆವು. ಸದ್ದು ನಿಲ್ಲಿಸೋಕೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ! ಈಗ "ಸಾಕು" ಅನ್ನುವ ಇನ್ನೊಂದು ರಟ್ಟು ಇದೆ. ಮಿಕ್ಸಿ ಹಾಕುವ ಮುಂಚೆ ತೋರಿಸಿ ಹೇಳುತ್ತೇವೆ, ಅವನು ಹಿತ್ತಲಿಗೆ ಹೋಗುತ್ತಾನೆ. ವಾರಕ್ಕೆ ಒಂದು ಗಂಟೆ ನೋಡುವ ಯಾವ ತಜ್ಞರಿಗೆ ನಮ್ಮ ಅಡುಗೆಮನೆಯ ಮಿಕ್ಸಿ ಕಾಣುತ್ತಿತ್ತು?

ಸುಮ್ನೆ ತಾಯಿ ಮನಸ್ಸಿನ ಮಾತು ಅನ್ನಬೇಡಿ. 2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಒಂದು ಅಧ್ಯಯನ ಬಂತು. 24 ಮಕ್ಕಳು. ಒಂದು ಗುಂಪಿನ ಕಾರ್ಯಕ್ರಮ ಕ್ಲಿನಿಕ್‌ನ ನಿರ್ದೇಶನದಲ್ಲಿ, ಇನ್ನೊಂದು ಪೋಷಕರ ನಿರ್ದೇಶನದಲ್ಲಿ. ಫಲಿತಾಂಶ ಹೆಚ್ಚುಕಡಿಮೆ ಒಂದೇ. ಅಷ್ಟು ದೂರ ಬೇಡ, ಪಕ್ಕದ ಗೋವಾ ನೋಡಿ. ಅಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಜ್ಞರಲ್ಲದ ಸಾಮಾನ್ಯ ಕಾರ್ಯಕರ್ತರು ಪೋಷಕರಿಗೆ ಕಲಿಸಿದರು, ಪೋಷಕರು ಮಕ್ಕಳ ಜೊತೆ ಮಾಡಿದರು, ಮಕ್ಕಳು ತಾವಾಗಿ ಸಂವಹನ ಶುರು ಮಾಡುವುದು ಹೆಚ್ಚಿತು. ದೆಹಲಿಯ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಪೋಷಕರನ್ನೂ ಮಗುವನ್ನೂ ಒಟ್ಟಿಗೆ ಕೂರಿಸಿ 12 ವಾರ ತರಬೇತಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೇ ಪೋಷಕರಿಗೆ ಅಂತ ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿಯ ಒಂದು ಕಾರ್ಯಕ್ರಮ ಮಾಡಿದೆ.

ಇನ್ನೊಂದು ವಿಷಯ ನಮ್ಮ ಊರಿನವರಿಗೆ ಮುಖ್ಯ. ಕೌಲ್ ಬಜಾರ್ ಕಡೆ ಮನೆಯಲ್ಲಿ ಉರ್ದು, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. "ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಆದರೆ ಒಳ್ಳೆಯದು" ಅಂತ ಎಷ್ಟು ಜನ ತಾಯಂದಿರಿಗೆ ಹೇಳಿ ಕಳಿಸುತ್ತಾರೆ! ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಮಕ್ಕಳ ಮಾತಿಗೆ ಹಾನಿಯಾಗುತ್ತದೆ ಅನ್ನುವುದನ್ನು ಸಂಶೋಧನೆಗಳು ಒಪ್ಪುವುದಿಲ್ಲ. ತನಗೇ ಬಾರದ ಭಾಷೆಯಲ್ಲಿ ಅಮ್ಮ ಮಗುವನ್ನು ಹೇಗೆ ಮುದ್ದು ಮಾಡಬೇಕು? ಮನೆಯಲ್ಲಿ ಕಲಿಸಿದರೆ ಮಗು ಅಜ್ಜಿಯ ಭಾಷೆಯಲ್ಲೇ ನೀರು ಕೇಳುತ್ತದೆ.

ಮಾರ್ಗದರ್ಶನ ಬೇಡ ಅಂತ ನಾನು ಹೇಳುತ್ತಿಲ್ಲ. ಫೋನಿನಲ್ಲಿ ವಿಡಿಯೊ ಮಾಡಿ ಕಳಿಸುತ್ತೇವೆ, ದೂರದಿಂದ ಒಬ್ಬರು ನೋಡಿ ತಿದ್ದುತ್ತಾರೆ. ಆದರೆ ಮಗು ಚುರುಕಾಗಿ ಕಲಿಯುವ ವಯಸ್ಸು ಯಾರ ಹುದ್ದೆ ಭರ್ತಿಯಾಗಲಿ ಅಂತಲೂ ನಿಂತುಕೊಳ್ಳುವುದಿಲ್ಲ.

ವಿರೋಧ: ಮಗುವಿಗೆ ಅಮ್ಮ ಬೇಕು, ಜಿಲ್ಲೆಗೆ ಥೆರಪಿಸ್ಟ್ ಬೇಕು
ಬರೆದವರು: ರಾಯಚೂರು ಜಿಲ್ಲೆಯ ಒಬ್ಬ ವಿಶೇಷ ಶಿಕ್ಷಕ

ಆ ತಾಯಿಯ ಮೂರು ಕಾಲಂ ನೋಟ್‌ಬುಕ್ಕಿಗೆ ನನ್ನ ನಮಸ್ಕಾರ. ತರಬೇತಿ ಪಡೆದವರೂ ಅಷ್ಟು ಶ್ರದ್ಧೆಯಿಂದ ಬರೆಯುವುದಿಲ್ಲ. ಆದರೆ ನಾನು ಸಿಂಧನೂರು, ಮಾನ್ವಿ, ದೇವದುರ್ಗದ ಕಡೆ ಮನೆ ಮನೆಗೆ ಹೋಗುವವನು. ಅಲ್ಲಿ ನನಗೆ ಕಾಣುವುದು ಬೇರೆ.

ಒಂದು ಮನೆಯಲ್ಲಿ ಹುಡುಗನೊಬ್ಬ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಮೊಬೈಲ್‌ನಲ್ಲಿ ಯಾವುದೋ ವಿಡಿಯೊ ನೋಡಿದ್ದರು: ಗಮನ ಸೆಳೆಯೋಕೆ ಮಾಡ್ತಾರೆ, ನೋಡದ ಹಾಗೆ ಇದ್ದುಬಿಡಿ, ತಾನಾಗಿ ನಿಲ್ಲುತ್ತದೆ. ಮನೆಮಂದಿಯೆಲ್ಲ ಮುಖ ತಿರುಗಿಸಿ ಕೂತಿದ್ದರು. ಹೊಡೆದುಕೊಳ್ಳುತ್ತಿದ್ದದ್ದು ಒಂದೇ ಕೆನ್ನೆಗೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ದವಡೆ ಹಲ್ಲು ಕೊಳೆತು ವಸಡು ಊದಿತ್ತು. ನೋವು ಅಂತ ಹೇಳಲು ಮಾತಿಲ್ಲದ ಮಗು. ಅದರ ನೋವಿಗೆ ನಾವು ಕೊಟ್ಟ ಉತ್ತರ ಥೆರಪಿ! ಆ ಅಪ್ಪ-ಅಮ್ಮನನ್ನು ನಾನು ಬೈಯುವುದಿಲ್ಲ. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಹಲ್ಲು, ಕಿವಿ, ಹೊಟ್ಟೆ, ಫಿಟ್ಸ್ ಇವನ್ನೆಲ್ಲ ನೋಡಿದ ಮೇಲೆಯೇ ನಡವಳಿಕೆಗೆ ಕೈಹಾಕಬೇಕು ಅಂತ ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರ ಉಳಿದ ಮಕ್ಕಳಿಗಿಂತ ಹೆಚ್ಚು. ಕಣ್ಣು ನೆಟ್ಟು ಕೂತ ಮಗು ಮಾತು ಕೇಳದೆ ಕೂತಿದೆಯೋ, ಫಿಟ್ಸ್ ಬಂದಿದೆಯೋ, ಮನೆಯವರು ಹೇಗೆ ಹೇಳಬೇಕು?

ನೋಡದ ಹಾಗೆ ಇರುವುದರಲ್ಲಿ ಇನ್ನೊಂದು ಅಪಾಯವಿದೆ. ಹಾಗೆ ಮಾಡಿದಾಗ ಕಿರುಚಾಟ ಕಡಿಮೆಯಾಗುವ ಮುಂಚೆ ಒಮ್ಮೆ ಜೋರಾಗುವುದುಂಟು. ತರಬೇತಿ ಇದ್ದವರಿಗೆ ಇದು ಗೊತ್ತಿರುತ್ತದೆ. ಮನೆಯಲ್ಲಿ ಅದು ಜೋರಾದ ಹೊತ್ತಿಗೆ ಸರಿಯಾಗಿ ಅಜ್ಜಿಯ ಕರುಳು ಚುರುಕ್ ಅನ್ನುತ್ತದೆ, ಕೇಳಿದ್ದನ್ನು ಕೊಟ್ಟುಬಿಡುತ್ತಾರೆ. ಮಗು ಕಲಿಯುವ ಪಾಠ ಏನು? ಇನ್ನೂ ಜೋರಾಗಿ ಕಿರುಚಿದರೆ ಸಿಗುತ್ತದೆ ಅಂತ.

ಇನ್ನು "ನೋಡು" ಪಾಠ. ಗಲ್ಲ ಹಿಡಿದು ಎತ್ತಿ, ಕಣ್ಣಲ್ಲಿ ಕಣ್ಣಿಟ್ಟರೆ ಬಿಸ್ಕತ್ತು. ಒಂದು ಹುಡುಗಿ ಅಮ್ಮನ ಹಣೆಯ ಕುಂಕುಮ ನೋಡಿ ಬಿಸ್ಕತ್ತು ಪಡೆಯುವುದನ್ನು ಕಲಿತಿದ್ದಳು. ಕಣ್ಣು ನೋಡುವುದು ತಮಗೆ ಹಿಂಸೆ, ನೋಡದೇ ಇದ್ದರೆ ಮಾತು ಚೆನ್ನಾಗಿ ಕೇಳಿಸುತ್ತದೆ ಅಂತ ಆಟಿಸಂ ಇರುವ ಎಷ್ಟೋ ದೊಡ್ಡವರು ಬರೆದಿದ್ದಾರೆ, ಹೇಳಿದ್ದಾರೆ. ಕೈ ಅಲ್ಲಾಡಿಸುವುದು, ತೂಗಾಡುವುದು ಅವರಿಗೆ ಸಮಾಧಾನ ಕೊಡುತ್ತದೆ. ನಮಗೆ ಮಾತ್ರ ಬೀಗರ ಮುಂದೆ ಮುಜುಗರ. ನಮ್ಮ ಮುಜುಗರಕ್ಕೆ ಮಗುವಿನ ಕೈ ಕಟ್ಟಿಹಾಕುವುದು ನ್ಯಾಯವಾ? ದೊಡ್ಡವರು ಹೇಳಿದ್ದನ್ನೆಲ್ಲ ಮಾಡಲೇಬೇಕು ಅಂತ ದಿನವಿಡೀ ಕಲಿತ ಮಗು, ನಾಳೆ ಕೆಟ್ಟವರು ಮೈಮುಟ್ಟಿದಾಗ ಬೇಡ ಅನ್ನುವುದನ್ನು ಎಲ್ಲಿಂದ ಕಲಿಯುತ್ತದೆ? ಹೆಣ್ಣುಮಕ್ಕಳ ವಿಷಯದಲ್ಲಿ ಈ ಭಯ ನನ್ನನ್ನು ಬಿಡುವುದೇ ಇಲ್ಲ.

ಅಧ್ಯಯನಗಳ ಮಾತಿಗೆ ಬರೋಣ. ಮನೆ ಥೆರಪಿಯ ಆಸೆ ಹುಟ್ಟಿಸಿದ್ದು 1987ರಲ್ಲಿ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಐವಾರ್ ಲೊವಾಸ್ ಪ್ರಕಟಿಸಿದ ವರದಿ. ವಾರಕ್ಕೆ ಸುಮಾರು 40 ಗಂಟೆ ಥೆರಪಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಉಳಿದ ಮಕ್ಕಳಂತೆ ಶಾಲೆಗೆ ಹೋದರು ಅಂತ. ಪಾಠ ಮಾಡಿದ್ದು ತರಬೇತಿ ಪಡೆದ ವಿದ್ಯಾರ್ಥಿಗಳ ತಂಡ, ಒಬ್ಬ ಅಮ್ಮ ಅಲ್ಲ. ಯಾವ ಮಗು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲ. ಜೋರು "ನೋ" ಮತ್ತು ತೊಡೆಗೆ ಏಟು ಕೂಡ ಆ ವಿಧಾನದಲ್ಲಿ ಇದ್ದವು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಈ ಬಗೆಯ ತೀವ್ರ ಥೆರಪಿಯ ಅಧ್ಯಯನಗಳನ್ನು ಜರಡಿ ಹಿಡಿದಾಗ ಸಿಕ್ಕಿದ್ದು ಐದು, ಒಟ್ಟು 219 ಮಕ್ಕಳು. ಸ್ವಲ್ಪ ಪ್ರಯೋಜನ ಕಾಣುತ್ತದೆ, ಆದರೆ ಸಾಕ್ಷ್ಯ ದುರ್ಬಲ ಅಂತ ಬರೆದರು. ವಿಸ್ಕಾನ್ಸಿನ್‌ನಲ್ಲಿ ಪೋಷಕರು ನಿರ್ದೇಶಿಸಿದರು ನಿಜ, ಕೂತು ಕಲಿಸಿದವರು ತರಬೇತಿ ಪಡೆದ ಸಿಬ್ಬಂದಿ. ಗೋವಾದಲ್ಲಿ ನಡೆದದ್ದು ಎಬಿಎ ಅಲ್ಲವೇ ಅಲ್ಲ. ಅಮ್ಮ ಮಗು ಆಡುವುದನ್ನು ವಿಡಿಯೊ ಮಾಡಿ, ಕಾರ್ಯಕರ್ತೆ ಪಕ್ಕದಲ್ಲಿ ಕೂತು ಮಾತಾಡಿ, ಆ ಕಾರ್ಯಕರ್ತೆಯ ಕೆಲಸವನ್ನೂ ಮೇಲಿನವರು ನೋಡಿ ತಿದ್ದುತ್ತಿದ್ದರು. ನಮ್ಮ ಹಳ್ಳಿಯ ತಾಯಿಗೆ ಹಾಗೆ ಪಕ್ಕದಲ್ಲಿ ಕೂರುವವರು ಯಾರು?

ಆ ತಾಯಿಯ ದಿನವನ್ನೂ ನೋಡಿ. ನಾಟಿ ಕಾಲದಲ್ಲಿ ಗದ್ದೆಗೆ, ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ. ಕೂಲಿ ಬಿಟ್ಟರೆ ಊಟಕ್ಕೆ ಕಷ್ಟ. ನಡುವೆ ಇನ್ನೆರಡು ಮಕ್ಕಳು. ಅವಳ ತಲೆಗೆ ಈ ಜವಾಬ್ದಾರಿ ಕಟ್ಟಿದ ಮೇಲೆ ಮಗು ಮಾತಾಡದಿದ್ದರೆ ಮನೆಯವರು ಹೇಳುವುದು ಒಂದೇ: "ನೀನು ಸರಿಯಾಗಿ ಮಾಡಿಸಲಿಲ್ಲ." 1950-60ರ ದಶಕದಲ್ಲಿ ತಾಯಂದಿರ ಪ್ರೀತಿ ಸಾಲದ್ದಕ್ಕೇ ಆಟಿಸಂ ಬರುತ್ತದೆ ಅಂತ ಡಾಕ್ಟರುಗಳೇ ಹೇಳುತ್ತಿದ್ದರು. ಅದು ಸುಳ್ಳು ಅಂತ ತೀರ್ಮಾನವಾಗಿ ಎಷ್ಟೋ ಕಾಲವಾಯಿತು. ಅದೇ ಆರೋಪ ಈಗ ಹಿಂಬಾಗಿಲಿನಿಂದ ಬರುತ್ತಿದೆ.

ಮನೆಯವರೇ ಮಾಡಿಕೊಳ್ಳುತ್ತಾರೆ ಅಂದರೆ ಸರ್ಕಾರಕ್ಕೆ ಅದಕ್ಕಿಂತ ಹಗುರ ಇನ್ನೇನಿದೆ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಶುರುವಾಯಿತು. ಅದರ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಕೇಂದ್ರ ಇರಬೇಕು, ಅಲ್ಲಿ ಮಕ್ಕಳ ವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇದೆ. ಮೇಲೆ ಬರೆದ ತಾಯಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕಾದದ್ದು ಇಷ್ಟೆಲ್ಲ ಇದ್ದೂ ಅಲ್ವಾ?

ನನ್ನ ಹತ್ತಿರ ಬರುವ ಪೋಷಕರಿಗೆ ಮೇಜು ಕುರ್ಚಿ ಹಾಕಬೇಡಿ ಅನ್ನುತ್ತೇನೆ. ಮಗು ಕಿನ್ನಾಳದ ಗೊಂಬೆಯನ್ನು ನಿಲ್ಲಿಸದೆ ಬರೀ ಸಾಲಾಗಿ ಮಲಗಿಸುತ್ತಿದ್ದರೆ ನೀವೂ ಪಕ್ಕದಲ್ಲಿ ಕೂತು ಒಂದು ಗೊಂಬೆ ಮಲಗಿಸಿ. ಅದು ನಿಮ್ಮ ಕಡೆ ನೋಡುವವರೆಗೂ ಸುಮ್ಮನಿರಿ. ದಿನಕ್ಕೆ ಸ್ವಲ್ಪ ಹೊತ್ತು ಹೀಗೆ ಕೂತರೆ ಸಾಕು, ಉಳಿದ ಹೊತ್ತು ಅಮ್ಮ ಅಮ್ಮನಾಗಿಯೇ ಇರಲಿ. ಇನ್ನೊಂದು ಕೆಲಸ ಮಾತ್ರ ಬಿಡಬೇಡಿ. ಜಿಲ್ಲಾ ಕೇಂದ್ರದಲ್ಲಿ ಯಾವ ಹುದ್ದೆ ಭರ್ತಿಯಾಗಿದೆ, ಯಾವುದು ಖಾಲಿ ಇದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಖಾಲಿ ಇದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ, ತಾಲೂಕಿನ ಹತ್ತು ಮನೆಯವರು ಮಕ್ಕಳನ್ನೂ ಕರೆದುಕೊಂಡು ಒಟ್ಟಿಗೆ ಹೋಗಿ. ಅರ್ಜಿ ಬರೆದುಕೊಡಲು ನಾನಿದ್ದೇನೆ, ಜೊತೆಗೆ ಬರಲೂ ಸಿದ್ಧನಿದ್ದೇನೆ.