ನಮ್ಮ ಸಿಸ್ಟರ್ ನಿಲ್ಲಬೇಕಾದ ಚುನಾವಣೆ

ಹದಿನಾಲ್ಕು ವರ್ಷಗಳಿಂದ ನಾನು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ನೆಲೆಸಿದ್ದರೂ, ಆಸ್ಪತ್ರೆಯ ಮಾತು ಬಂದಾಗಲೆಲ್ಲ ಮನಸ್ಸು ಹೋಗುವುದು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿರುವ, ನಮ್ಮೂರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಕಳೆದ ಬಾರಿ ಊರಿಗೆ ಹೋಗಿದ್ದಾಗ ಅಮ್ಮನಿಗೆ ವಾಂತಿಭೇದಿಯಾಗಿ, ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಅಲ್ಲಿಗೆ ಕರೆದೊಯ್ದೆವು. ಪಾಳಿಯಲ್ಲಿದ್ದವರು ಒಬ್ಬರೇ ನರ್ಸ್. ಒಳಗೆ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳಿಗೆ ತೆಲುಗಿನಲ್ಲಿ ಧೈರ್ಯ ಹೇಳುತ್ತ, ನಮಗೆ ಕನ್ನಡದಲ್ಲಿ ಉತ್ತರಿಸುತ್ತ, ಅಮ್ಮನ ಒಣಗಿದ ಕೈಯಲ್ಲಿ ನರ ಹುಡುಕಿ ಎರಡನೇ ಪ್ರಯತ್ನಕ್ಕೆ ಸೂಜಿ ಸೇರಿಸಿದರು. "ಈ ಬಾಟ್ಲಿ ಕಡೆ ಸ್ವಲ್ಪ ಕಣ್ಣಿಡಪ್ಪ, ಮುಗಿಯೋ ಹೊತ್ತಿಗೆ ಕೂಗು" ಎಂದು ನನಗೆ ಹೇಳಿ ಹೆರಿಗೆ ಕೋಣೆಗೆ ಓಡಿದರು. ಬೆಳಗಿನ ಜಾವ ಮಗುವನ್ನು ಒರೆಸಿ ತಾಯಿಯ ಮಗ್ಗುಲಲ್ಲಿ ಮಲಗಿಸಿದ ಮೇಲೆ ಅವರು ಕುಳಿತದ್ದು ವಿಶ್ರಾಂತಿಗಲ್ಲ, ರಿಜಿಸ್ಟರ್ ತುಂಬುವುದಕ್ಕೆ.

ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಇಂಥ ಕೇಂದ್ರಕ್ಕೆ ಮೂವರು ಸ್ಟಾಫ್ ನರ್ಸ್‌ಗಳು ಇರಬೇಕೆಂಬುದು ಲೆಕ್ಕ. ಮೂವರೂ ಇದ್ದರೆ ಪಾಳಿಗೊಬ್ಬರಾಗುತ್ತಾರೆ. ಒಬ್ಬರು ರಜೆ ಹಾಕಿದರೆ ಅಥವಾ ಬೇರೆಡೆಗೆ ನಿಯೋಜನೆಗೊಂಡರೆ ಆ ಲೆಕ್ಕವೂ ಕುಸಿಯುತ್ತದೆ. ಈ ಲೆಕ್ಕ ಬರೆದವರ ನಡುವೆ ರಾತ್ರಿ ಪಾಳಿ ಮಾಡಿದ ಒಬ್ಬ ನರ್ಸ್ ಕುಳಿತಿದ್ದರೆ ಅದು ಹೀಗಿರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅನಿಸಿಕೆ.

ಡಲ್ಲಾಸ್‌ನ ಜನರಿಗೆ ಇದು ಹೊಸ ಮಾತಲ್ಲ. ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮನೋರೋಗ ವಿಭಾಗದ ಮುಖ್ಯ ನರ್ಸ್ ಆಗಿದ್ದ ಎಡ್ಡಿ ಬರ್ನಿಸ್ ಜಾನ್ಸನ್ 1972ರಲ್ಲಿ ಟೆಕ್ಸಾಸ್ ವಿಧಾನಸಭೆಗೆ, ಮುಂದೆ 1992ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಆ ಸಂಸತ್ತಿನಲ್ಲಿ ಕುಳಿತ ಮೊದಲ ನೋಂದಾಯಿತ ನರ್ಸ್ ಅವರು. ಮೂವತ್ತು ವರ್ಷ ಅಲ್ಲಿದ್ದರು. ಕರಿಯ ಹೆಣ್ಣುಮಗಳೊಬ್ಬಳಿಗೆ ಆ ಕಾಲದ ಟೆಕ್ಸಾಸ್‌ನಲ್ಲಿ ಅದು ಎಷ್ಟು ಕಡಿದಾದ ದಾರಿಯಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನರ್ಸ್‌ಗಳು ಪಟ್ಟು ಹಿಡಿದದ್ದರಿಂದಲೇ ಕ್ಯಾಲಿಫೋರ್ನಿಯಾ ರಾಜ್ಯ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಹುದೆಂಬುದಕ್ಕೆ 1999ರಲ್ಲಿ ಕಾನೂನು ಮಾಡಿ, 2004ರಿಂದ ಜಾರಿಗೆ ತಂದಿತು. ಟೆಕ್ಸಾಸ್ ಅಷ್ಟು ದೂರ ಹೋಗಲಿಲ್ಲ. ಆದರೆ 2009ರ ಕಾಯ್ದೆಯ ಪ್ರಕಾರ ಪಾಳಿಗೆ ಎಷ್ಟು ಮಂದಿ ನರ್ಸ್‌ಗಳು ಬೇಕೆಂದು ಸಲಹೆ ಕೊಡುವ ಆಸ್ಪತ್ರೆಯ ಸಮಿತಿಯಲ್ಲಿ ಶೇ. 60ರಷ್ಟಾದರೂ ರೋಗಿಗಳ ಆರೈಕೆಯಲ್ಲಿ ತೊಡಗಿರುವ ನರ್ಸ್‌ಗಳೇ ಇರಬೇಕು.

ಇಲ್ಲಿನ ಇನ್ನೊಂದು ಪದ್ಧತಿಯನ್ನು ನಮ್ಮವರು ಗಮನಿಸಬೇಕು. ನನ್ನ ಮನೆಯ ವಾರ್ಷಿಕ ಕಂದಾಯದ ಬಿಲ್ಲಿನಲ್ಲಿ ಶಾಲೆಗೊಂದು ಸಾಲು ಇರುವಂತೆ, ಬಡವರ ಆಸ್ಪತ್ರೆಯೆಂದೇ ಹೆಸರಾದ ಪಾರ್ಕ್‌ಲ್ಯಾಂಡ್‌ಗೂ ಪ್ರತ್ಯೇಕ ಸಾಲಿದೆ. ನಾನು ಎಷ್ಟು ಕೊಟ್ಟೆನೆಂಬುದು ಡಾಲರ್ ಲೆಕ್ಕದಲ್ಲಿ ನನಗೆ ಗೊತ್ತು. ಅದರ ಆಡಳಿತ ಮಂಡಳಿಯನ್ನು ನೇಮಿಸುವವರು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಚುನಾಯಿತ ಪ್ರತಿನಿಧಿಗಳು. ಹಾಗೆಂದು ಅಮೆರಿಕವನ್ನು ಹೊಗಳಿ ಊರನ್ನು ಹಳಿಯುವ ಉದ್ದೇಶ ನನ್ನದಲ್ಲ. ವಿಮೆಯಿಲ್ಲದವರ ಪ್ರಮಾಣ ಇಡೀ ದೇಶದಲ್ಲೇ ಟೆಕ್ಸಾಸ್‌ನಲ್ಲಿ ಅತಿ ಹೆಚ್ಚು. ಬಿಲ್ಲಿಗೆ ಹೆದರಿ ಎದೆನೋವನ್ನು ಬೆಳಗಿನವರೆಗೆ ತಡೆದುಕೊಂಡವರನ್ನು ನಾನು ಕಂಡಿದ್ದೇನೆ. ಅಮ್ಮನ ಆ ರಾತ್ರಿಗೆ ನಾವು ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ಇದು ಸಣ್ಣ ಸಂಗತಿಯಲ್ಲ.

ನಮ್ಮಲ್ಲೂ ಜಿಲ್ಲೆಯ ಮಟ್ಟದಲ್ಲಿ ಅಂಥ ವೇದಿಕೆ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯಿತಿಯ ಸುಪರ್ದಿಗೆ ಬರುತ್ತವೆ. ಅಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯೆಂದೇ ಒಂದು ಸಮಿತಿಯಿದೆ, ಜಿಲ್ಲಾ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನಿವೃತ್ತ ನರ್ಸ್ ಒಬ್ಬರು ಕುಳಿತುಕೊಳ್ಳಲು ಇದಕ್ಕಿಂತ ಸೂಕ್ತವಾದ ಜಾಗ ಇನ್ನಾವುದಿದೆ? ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾವಣೆಯನ್ನು ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎಂದು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದರು. ಪಕ್ಷಭೇದವಿಲ್ಲದೆ ಎಲ್ಲರೂ ಇದಕ್ಕೆ ಹೊಣೆ, ಮತ್ತು ಇದು ನನಗೆ ಸಿಟ್ಟು ತರಿಸುತ್ತದೆ.

ವೈದ್ಯರು ರಾಜಕೀಯಕ್ಕೆ ಬರುವುದು ನಮಗೆ ರೂಢಿಯಾಗಿದೆ. ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಆರೋಗ್ಯ ಸಚಿವರಾಗಿದ್ದರು; ನಮ್ಮ ಜಿಲ್ಲೆಯ ಕುಣಿಗಲ್‌ನ ಶಾಸಕ ಡಾ. ಎಚ್.ಡಿ. ರಂಗನಾಥ್ ಕೂಡ ವೈದ್ಯರೇ. ಟಿಕೆಟ್ ಹಂಚುವಾಗ ನರ್ಸ್‌ಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಸೇವೆಯಲ್ಲಿರುವವರು ರಾಜೀನಾಮೆ ಕೊಡದೆ ಚುನಾವಣೆಗೆ ನಿಲ್ಲುವಂತಿಲ್ಲ. ಸಂಬಳವನ್ನೇ ನಂಬಿ ಮಕ್ಕಳನ್ನು ಓದಿಸುವವರು ಅಂಥ ಸಾಹಸಕ್ಕೆ ಇಳಿಯುವುದಾದರೂ ಹೇಗೆ? 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಅಂದರೆ ಗರ್ಭಿಣಿಯರಿಗೆ ಸರ್ಕಾರ ಕೊಡುವ ಆರೋಗ್ಯ ದಾಖಲೆ, ಇಲ್ಲವೆಂದು ಆಸ್ಪತ್ರೆಯಿಂದ ವಾಪಸು ಕಳುಹಿಸಲ್ಪಟ್ಟ ಗರ್ಭಿಣಿ, ಮನೆಯಲ್ಲೇ ಹೆತ್ತು, ಅವಳಿ ಮಕ್ಕಳೊಂದಿಗೆ ತೀರಿಕೊಂಡಾಗ ವೈದ್ಯೆಯನ್ನೂ ನರ್ಸ್‌ಗಳನ್ನೂ ಅಮಾನತು ಮಾಡಿದರು. ಆ ತಪ್ಪನ್ನು ನಾನು ಸಮರ್ಥಿಸಲಾರೆ. ಆದರೆ ಜೀವಕ್ಕಿಂತ ಕಾಗದ ಮೊದಲು ಎಂಬ ಅಭ್ಯಾಸ ಎಲ್ಲಿಂದ ಬಂತು, ಯಾವ ಹೆದರಿಕೆಯಿಂದ ಬೆಳೆಯಿತು ಎಂಬುದನ್ನು ಸಭೆಯಲ್ಲಿ ಎದ್ದು ನಿಂತು ಹೇಳಬಲ್ಲವರು ಅದೇ ಕೆಲಸ ಮಾಡಿ ಬಂದವರೇ.

ಅಮ್ಮನನ್ನು ನೋಡಿಕೊಂಡ ಸಿಸ್ಟರ್ ಸದ್ಯದಲ್ಲೇ ನಿವೃತ್ತರಾಗಲಿದ್ದಾರೆ. ನಾನು ಡಲ್ಲಾಸ್‌ಗೆ ಹೊರಡುವ ಮುನ್ನ ಅವರಲ್ಲಿಗೆ ಹೋಗಿ, ಜಿಲ್ಲಾ ಪಂಚಾಯಿತಿಗೆ ನಿಲ್ಲುತ್ತೀರಾ ಎಂದು ಕೇಳಿದೆ. ಲಸಿಕೆ ಡಬ್ಬಿಗೆ ಐಸ್ ಪ್ಯಾಕ್ ಜೋಡಿಸುತ್ತಿದ್ದವರು ಕೈ ನಿಲ್ಲಿಸದೆ, "ದುಡ್ಡಿಲ್ಲ, ಪಾರ್ಟಿ ಇಲ್ಲ, ಆದರೆ ಈ ಸುತ್ತಿನ ಹಳ್ಳಿಗಳಲ್ಲಿ ನಾನು ಹೆರಿಗೆ ಮಾಡಿಸದ ಮನೆ ಕಮ್ಮಿ. ಮೊದಲು ಎಲೆಕ್ಷನ್ ಡೇಟ್ ಬರಲಪ್ಪ, ಆಮೇಲೆ ಬಂದು ಕೇಳು" ಎಂದರು.