ಡಾಕ್ಟ್ರು ಓಡಿಸಿದ ಬೈಕು

ಮಂಗಳೂರಿನ ಸೆಕೆಂಡ್ ಹ್ಯಾಂಡ್ ಬೈಕ್ ಅಂಗಡಿಗಳಲ್ಲಿ ಸಾಮಾನ್ಯ ಮನುಷ್ಯರು ಓಡಿಸಿದ ಬೈಕು ಸಿಗುವುದೇ ಇಲ್ಲ. ಎಲ್ಲವೂ ಡಾಕ್ಟ್ರು ಓಡಿಸಿದ್ದು. ಊರಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ, ಒಪ್ಪೋಣ. ಆದರೂ ಇಷ್ಟೊಂದು ಡಾಕ್ಟ್ರುಗಳು ಬೈಕು ತಗೊಂಡು, ಭಾನುವಾರ ಮಾತ್ರ ಓಡಿಸಿ, ಮಳೆಗಾಲದಲ್ಲಿ ಹೊರಗೇ ತೆಗೆಯದೆ, ಕೊನೆಗೆ ಅರ್ಧ ಬೆಲೆಗೆ ಕೊಟ್ಟು ಹೋಗ್ತಾರೆ ಅಂದರೆ ಊರಿನ ರೋಗಿಗಳ ಗತಿ ಏನು ಅಂತ ಚಿಂತೆಯಾಗುತ್ತದೆ. ಡಾಕ್ಟ್ರು ಅಲ್ಲದಿದ್ದರೆ ಗಲ್ಫಿನವರು. ಬೈಕು ತಗೊಂಡ ಕೂಡಲೇ ವೀಸಾ ಬಂತು, ಗಾಡಿ ಶೆಡ್ಡಿನಲ್ಲೇ ಇತ್ತು, "ಒಂದು ಗೀರೂ ಇಲ್ಲ ನೋಡಿ ಸರ್."

ನನಗೆ ಬೇಕಾಗಿದ್ದದ್ದು ದೂರ ಹೋಗುವ ಬೈಕು. ಆಗುಂಬೆ ಘಾಟಿ ಹತ್ತಿ, ಶೃಂಗೇರಿ ಸುತ್ತಿ, ಚಾರ್ಮಾಡಿಯಲ್ಲಿ ಇಳಿದು ಬಂದರೂ ಸೊಂಟ ಉಳಿಯಬೇಕು. ಹೊಸದಕ್ಕೆ ದುಡ್ಡಿಲ್ಲ. ಹಾಗಾಗಿ ಕಣ್ಣು 2019ರ ಒಂದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೇಲೆ ಬಿತ್ತು. 411 ಸಿಸಿ, 15 ಲೀಟರಿನ ಟ್ಯಾಂಕು, ಮುಂದೆ 21 ಇಂಚಿನ ದೊಡ್ಡ ಚಕ್ರ. ಹೆಸರು ಹಿಮಾಲಯನ್, ಹೋಗಬೇಕಿದ್ದದ್ದು ಆಗುಂಬೆಗೆ. ಇರಲಿ, ದೊಡ್ಡ ಹೆಸರು ಇಟ್ಟರೆ ನಷ್ಟವೇನೂ ಇಲ್ಲ.

ಗಾಡಿ ನೋಡಲು ಒಬ್ಬನೇ ಹೋಗಬಾರದು, ಗೊತ್ತಿರುವವರು ಒಬ್ಬರು ಜೊತೆಗಿರಬೇಕು ಅಂತಾರೆ. ಗೊತ್ತಿದ್ದ ಮೆಕ್ಯಾನಿಕ್ಕಿಗೆ ಪುರುಸೊತ್ತಿರಲಿಲ್ಲ. ಏನೇನು ನೋಡಬೇಕು ಅಂತ ಫೋನಿನಲ್ಲೇ ಹೇಳಿಕೊಟ್ಟ. ಭಾವನಿಗೆ ಪುರುಸೊತ್ತಿತ್ತು, ಅವರು ಬಂದರು. ಯಾವ ಗಾಡಿ ಕಂಡರೂ ಭಾವ ಕೇಳುವುದು ಒಂದೇ ಪ್ರಶ್ನೆ: "ಪಿಕಪ್ ಹೇಗುಂಟು?" ಒಮ್ಮೆ ನಮ್ಮ ಮನೆಗೆ ಬಂದ ಹೊಸ ಮಿಕ್ಸಿಯ ಬಗ್ಗೆಯೂ ಕೇಳಿದ್ದರು.

ಅಂಗಡಿ ಇದ್ದದ್ದು ಹೆದ್ದಾರಿ ಬದಿಯಲ್ಲಿ. ಜುಲೈ ತಿಂಗಳು. ಹಿಂದಿನ ರಾತ್ರಿಯಿಂದ ಮಳೆ ಬಿಟ್ಟೇ ಇರಲಿಲ್ಲ. ಬೈಕನ್ನು ತೊಳೆದು, ಟಯರಿಗೂ ಪಾಲಿಶ್ ಹೊಡೆದು ಎದುರಿಗೇ ನಿಲ್ಲಿಸಿದ್ದರು. ಮೆಕ್ಯಾನಿಕ್ ಹೇಳಿದ ಮೊದಲ ಪಾಠ, ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ತಣ್ಣಗಿದೆಯಾ ಮುಟ್ಟಿ ನೋಡಿ. ತಣ್ಣಗಿನ ಇಂಜಿನ್ ತನ್ನ ಕಾಯಿಲೆ ಮುಚ್ಚಿಡುವುದಿಲ್ಲ. ಮೊದಲೇ ಓಡಿಸಿ ಬಿಸಿ ಮಾಡಿಟ್ಟರೆ ಸ್ಟಾರ್ಟಿಂಗ್ ತೊಂದರೆ, ಹೊಗೆ, ಟಕಟಕ ಸದ್ದು ಅರ್ಧಕ್ಕರ್ಧ ಅಡಗಿಬಿಡುತ್ತದೆ. ನಾನು ಬಹಳ ತಿಳಿದವನ ಗತ್ತಿನಲ್ಲಿ ಕೈ ಇಟ್ಟೆ. ಚುರ್ರ್ ಅಂತು.

"ಬಿಸಿ ಉಂಟಲ್ಲ?" ಅಂದೆ, ಬೆರಳು ಬಾಯಿಗಿಟ್ಟುಕೊಂಡು.

"ಬಿಸಿಲಿಗೆ ಇಟ್ಟಿದ್ದೆವು ಸರ್," ಅಂದರು ಅಂಗಡಿಯವರು.

ಹೊರಗೆ ಜಡಿಮಳೆ. ಮೂವರೂ ಸ್ವಲ್ಪ ಹೊತ್ತು ಆ ಮಳೆಯನ್ನೇ ನೋಡಿದೆವು. ಆಮೇಲೆ ಭಾವ, "ಪಿಕಪ್ ಹೇಗುಂಟು?" ಅಂತ ಕೇಳಿ ಅಂಗಡಿಯವರ ಮರ್ಯಾದೆ ಉಳಿಸಿದರು.

ನಾಳೆ ಬೆಳಿಗ್ಗೆ ಬರ್ತೇವೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂದೆ. ಬಂದದ್ದಕ್ಕೆ ಉಳಿದದ್ದಾದರೂ ನೋಡುವಾ ಅಂತ ಮೊಬೈಲ್ ಟಾರ್ಚ್ ಹಾಕಿ ಕೆಳಗೆ ಕೂತೆ. ಬೈಕು ನೋಡುವವರು ಹೆಚ್ಚಾಗಿ ನಿಂತುಕೊಂಡು ನೋಡುತ್ತಾರೆ. ತೊಳೆಯುವವರೂ ನಿಂತೇ ತೊಳೆಯುತ್ತಾರೆ. ಹಾಗಾಗಿ ಸತ್ಯ ಎಲ್ಲಾ ಮೊಣಕಾಲಿನಿಂದ ಕೆಳಗೆ ಉಳಿದಿರುತ್ತದೆ. ಕರಾವಳಿಯ ಗಾಡಿಯಲ್ಲಂತೂ ಇದು ಇನ್ನೂ ಜಾಸ್ತಿ. ಉಪ್ಪುಗಾಳಿ ಮೊದಲು ಹಿಡಿಯುವುದು ಯಾರೂ ಬಗ್ಗಿ ನೋಡದ ಜಾಗಗಳನ್ನು. ಸ್ಪೋಕು ರಿಮ್ಮಿಗೆ ಸೇರುವ ನಿಪ್ಪಲ್, ಸೈಲೆನ್ಸರಿನ ಬೆಂಡು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಅಡಿಭಾಗ, ಸ್ಟ್ಯಾಂಡಿನ ಸ್ಪ್ರಿಂಗು. ಬೆಂಗಳೂರಿನವರು ಮಂಗಳೂರಿನ ಕೆಎ-19 ನಂಬರ್ ಕಂಡರೆ "ತುಕ್ಕು" ಅನ್ನುತ್ತಾರೆ. ನಮ್ಮವರು ಬೆಂಗಳೂರು ನಂಬರ್ ಕಂಡರೆ "ಟ್ರಾಫಿಕ್ಕಿನಲ್ಲಿ ಕ್ಲಚ್ ಪ್ಲೇಟ್ ಹೋಗಿರ್ತದೆ" ಅನ್ನುತ್ತಾರೆ. ಇಬ್ಬರು ಹೇಳುವುದೂ ಸರಿಯೇ.

ಈ ಬೈಕಿನ ಇಂಜಿನಿಗೆ ಕಲ್ಲು ಬಡಿಯಬಾರದು ಅಂತ ಅಡಿಯಲ್ಲಿ ಒಂದು ಲೋಹದ ಗಾರ್ಡ್ ಉಂಟು. ಅದರ ಸಂದಿಗೆ ಬೆರಳು ಹಾಕಿ ಕೆರೆದೆ. ಒಂದು ಹಿಡಿ ಮರಳು ಬಂತು. ಬೀಚಿನ ನಯವಾದ ಮರಳು, ಜೊತೆಗೆ ಉಗುರಿನಷ್ಟು ದೊಡ್ಡ ಒಂದು ಚಿಪ್ಪು.

"ಡಾಕ್ಟ್ರು ಎಲ್ಲಿ ಪ್ರಾಕ್ಟೀಸು?" ಅಂತ ಕೇಳಿದೆ.

"ಸಿಟಿಯಲ್ಲೇ ಸರ್. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿನಿಂದ ಮನೆ."

ಕ್ಲಿನಿಕ್ಕು ತಣ್ಣೀರುಬಾವಿಯಲ್ಲಿ, ಅಲೆ ಬಂದು ಮುಟ್ಟುವ ಜಾಗದಲ್ಲಿ ಇದ್ದಿರಬೇಕು.

ಮುಂದಿನ ಗಾಜಿನ ಮೇಲೆ ಸ್ಟಿಕ್ಕರ್ ಕಿತ್ತ ಗುರುತಿತ್ತು. ಓರೆಯಾಗಿ ನೋಡಿದರೆ ಅಕ್ಷರ ಇನ್ನೂ ಓದಬಹುದಿತ್ತು: ಖರ್ದುಂಗ್ ಲಾ. ಲಡಾಖಿಗೆ ಹೋಗಿ ಬಂದವರು ಅಂಟಿಸಿಕೊಳ್ಳುವಂಥದ್ದು. ಮಂಗಳೂರಿನಿಂದ ಲೇಹ್‌ಗೆ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ. ಹೋಗಿ ಬಂದರೆ ಆರು ಸಾವಿರ ದಾಟಿತು. ಮೀಟರ್ ತೋರಿಸುತ್ತಿದ್ದದ್ದು 14,200. ಆಗಬಹುದಪ್ಪ, ಒಂದು ಸಲ ಲಡಾಖು, ಉಳಿದದ್ದು ಕ್ಲಿನಿಕ್ಕು. ಸ್ಟಿಕ್ಕರ್ ಆನ್‌ಲೈನಿನಲ್ಲೂ ಸಿಗುತ್ತದೆ, ಅದೂ ಹೌದು. ಆದರೆ ಫುಟ್‌ರೆಸ್ಟಿನ ರಬ್ಬರ್ ಬೋಳಾಗಿತ್ತು. ಬ್ರೇಕ್ ಪೆಡಲಿನ ಗೆರೆಗಳು ಸವೆದು ಹೊಳೆಯುತ್ತಿದ್ದವು. ಕೀ ಹಾಕುವ ಜಾಗದ ಸುತ್ತ ಕೀಗೊಂಚಲು ಬಡಿದು ಬಡಿದು ಬಣ್ಣ ಎದ್ದುಹೋಗಿತ್ತು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ ನೋಡಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹಿಂದಿನ ಟಯರಿನಲ್ಲಿ 3622 ಅಂತಿತ್ತು. 2022ರ 36ನೇ ವಾರದ್ದು. 2019ರ ಗಾಡಿಗೆ ಬಂದ ಮೊದಲ ಟಯರ್ ಅಂತೂ ಇದಲ್ಲ. ಇದೂ ಮುಗಿಯುತ್ತಾ ಬಂದಿತ್ತು.

ಮರುದಿನ ಅಂಗಡಿ ತೆರೆಯುವ ಮೊದಲೇ ನಾವು ಬಾಗಿಲಲ್ಲಿ ಹಾಜರು. ಶಟರ್ ಎತ್ತಲು ಬಂದ ಹುಡುಗ ನಮ್ಮನ್ನು ಫೈನಾನ್ಸಿನವರು ಅಂದುಕೊಂಡು, ಕೇಳುವ ಮೊದಲೇ "ಧಣಿ ಊರಲ್ಲಿಲ್ಲ" ಅಂದುಬಿಟ್ಟ. ಧಣಿ ಅವನ ಹಿಂದೆಯೇ ಕೊಡೆ ಹಿಡಿದು ನಿಂತಿದ್ದರು.

ಈ ಸಲ ಇಂಜಿನ್ ತಣ್ಣಗಿತ್ತು. ಕೀ ತಿರುಗಿಸಿದಾಗ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ನೋಡುವ ವ್ಯವಸ್ಥೆ) ದೀಪ ಮತ್ತು ಇಂಜಿನ್ ದೀಪ ಎರಡೂ ಒಮ್ಮೆ ಹತ್ತಬೇಕು. ಇಂಜಿನ್ ದೀಪ ಸ್ಟಾರ್ಟ್ ಆದ ಮೇಲೆ ಆರಬೇಕು, ಎಬಿಎಸ್ ದೀಪ ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ. ಹತ್ತದೇ ಇದ್ದರೆ ಗಾಡಿ ಚೆನ್ನಾಗಿದೆ ಅಂತ ಅರ್ಥವಲ್ಲ, ದೀಪದ ಬಾಯಿ ಯಾರೋ ಮುಚ್ಚಿದ್ದಾರೆ ಅಂತ. ಇದರಲ್ಲಿ ಎರಡೂ ಹತ್ತಿದವು. ಇಂಜಿನ್ ಕೂಡಲೇ ಸ್ಟಾರ್ಟ್ ಆಯಿತು. ಮಳೆಗಾಲದ ಬೆಳಿಗ್ಗೆ ಒಂದಿಷ್ಟು ಬಿಳಿ ಆವಿ ಬಂದು ನಿಂತಿತು. ಹೆದರಬೇಕಾದದ್ದು ನೀಲಿ ಹೊಗೆಗೆ, ಆಯಿಲ್ ಸುಡುತ್ತಿದೆ ಅಂತ ಲೆಕ್ಕ. ಅದು ಬರಲೇ ಇಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಭಾವನನ್ನು ಹಿಂದೆ ಕೂರಿಸಿ, ಮುಂದಿನ ಚಕ್ರ ಎದ್ದ ಮೇಲೆ ಹ್ಯಾಂಡಲ್ ಮೆಲ್ಲ ತಿರುಗಿಸಿದೆ. ಸರಿ ಮಧ್ಯದಲ್ಲಿ ಟಕ್ ಅಂತ ಕಚ್ಚಿತು. ಹ್ಯಾಂಡಲ್ ತಿರುಗಿಸುವ ಬೇರಿಂಗು, ಅಂದರೆ ಕೋನ್‌ಸೆಟ್ ಹೋಗಿದೆ. ಮುಂದಿನ ಚಕ್ರ ಹಿಡಿದಿರುವ ಒಂದು ಫೋರ್ಕಿನಲ್ಲಿ ಆಯಿಲ್ ಇಳಿದ ಗೆರೆ. ಇವೆರಡೂ ದುಡ್ಡು ಕೊಟ್ಟರೆ ಮುಗಿಯುವ ವಿಷಯ.

ಟ್ರಯಲ್ಲಿಗೆ ಬಾವುಟಗುಡ್ಡೆ ಏರು ಹತ್ತಿಸಬೇಕು ಅಂತ ಭಾವ ಹಟ ಹಿಡಿದರು. ಪಿಕಪ್ ಗೊತ್ತಾಗಬೇಕಲ್ಲ. ಚೆನ್ನಾಗಿಯೇ ಹತ್ತುತ್ತಿತ್ತು. ಅರ್ಧ ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಹಿಂದೆ ಸಿಟಿ ಬಸ್ಸು. ನಮ್ಮೂರಿನ ಸಿಟಿ ಬಸ್ಸಿನ ಹಾರ್ನ್ ಕೇಳಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ನಾನು ಸ್ವಿಚ್ಚು, ಫ್ಯೂಸು, ಬ್ಯಾಟರಿ ಅಂತ ತಡಕಾಡುತ್ತಿದ್ದೆ. ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ಬಗ್ಗಿ, "ಪೆಟ್ರೋಲ್ ಉಂಟಾ ನೋಡಿ ಮಾರಾಯ್ರೆ!" ಅಂದ.

ಇರಲಿಲ್ಲ. 15 ಲೀಟರಿನ ಟ್ಯಾಂಕಿನಲ್ಲಿ ಅಂಗಡಿಯವರು ಗೇಟು ದಾಟುವಷ್ಟು ಮಾತ್ರ ಬಿಟ್ಟಿದ್ದರು. ಸುಮಾರು 190 ಕಿಲೋದ ಗಾಡಿಯನ್ನು ಮಳೆಯಲ್ಲಿ ಬಂಕಿಗೆ ತಳ್ಳಿದ್ದು ನಾನು. ಭಾವ ಒಂದು ಅಂಗಡಿಯ ಮಾಡಿನಡಿ ನಿಂತು "ಎಡಕ್ಕೆ, ಎಡಕ್ಕೆ" ಅಂತ ಸಹಾಯ ಮಾಡಿದರು. ಬಂಕಿನಲ್ಲಿ ನಿಜವಾದ ಕಷ್ಟ ಶುರುವಾಯಿತು. ಇನ್ನೂ ನಮ್ಮದಾಗದ ಬೈಕಿಗೆ ಎಷ್ಟು ಪೆಟ್ರೋಲ್ ಹಾಕಿಸಬೇಕು? ಜಾಸ್ತಿ ಹಾಕಿದರೆ ಅಂಗಡಿಯವರಿಗೆ ಲಾಭ, ಕಡಿಮೆ ಹಾಕಿದರೆ ಇನ್ನೊಂದು ಏರಿನಲ್ಲಿ ಇನ್ನೊಂದು ಬಸ್ಸು. ನಾನೂ ಭಾವನೂ ಇದನ್ನು ಚರ್ಚಿಸುವಷ್ಟರಲ್ಲಿ ಹಿಂದೆ ದೊಡ್ಡ ಕ್ಯೂ ಆಗಿತ್ತು. ಕೊನೆಗೆ ನೂರು ರೂಪಾಯಿಗೆ ಹಾಕಿಸಿದೆವು. ಬಂಕಿನ ಹುಡುಗ ಅಷ್ಟು ದೊಡ್ಡ ಟ್ಯಾಂಕಿನೊಳಗೆ ಇಣುಕಿ ನೋಡಿ, ನಮ್ಮ ಮುಖವನ್ನೂ ನೋಡಿದ.

ಮೀಟರಿನ ವಿಷಯ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಸ್ವಲ್ಪ ನಯವಾಗಿ ಕೇಳಿದರೆ ಹಳೆಯ ಜಾಬ್ ಕಾರ್ಡ್ ನೋಡಿ ಹೇಳುತ್ತಾರೆ. ಕೇಳಿದೆ. 2023ರಲ್ಲೇ ಗಾಡಿ 37,860 ಓಡಿತ್ತು.

ಅಂಗಡಿಯವರಿಗೆ ಹೇಳಿದೆ. ಅವರೇನೂ ಬೆಚ್ಚಿಬೀಳಲಿಲ್ಲ. "ಮೀಟರ್ ಮಳೆಗೆ ಹಾಳಾಗಿತ್ತು ಸರ್, ಬೇರೆ ಹಾಕಿದ್ದು."

"ಹೊಸ ಮೀಟರ್ ಸೊನ್ನೆಯಿಂದ ಶುರುವಾಗಬೇಕಲ್ವಾ?"

"ಇದು ಸೆಕೆಂಡ್ ಹ್ಯಾಂಡ್ ಮೀಟರ್."

"ಅದರ ಓನರ್ ಯಾರು?" ಅಂತ ಭಾವ ಕೇಳಿದರು. ಅಂಗಡಿಯವರು ಒಂದು ಕ್ಷಣ ಯೋಚಿಸಿ, "ಅದೂ ಒಬ್ಬರು ಡಾಕ್ಟ್ರದ್ದೇ" ಅಂದರು. ಭಾವನ ಬಾಯಿಂದ ಪಿಕಪ್ ಬಿಟ್ಟು ಬೇರೆ ಪ್ರಶ್ನೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇಷ್ಟಾದ ಮೇಲೂ ನನಗೆ ಅದೇ ಬೈಕು ಬೇಕಿತ್ತು. ಓಡಿದ್ದು ತಪ್ಪಲ್ಲ. ಟೂರಿಂಗ್ ಬೈಕು ಇರುವುದೇ ಓಡಲಿಕ್ಕೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡ ಇಂಜಿನ್ನು ಶೆಡ್ಡಿನಲ್ಲಿ ಕೂತದ್ದಕ್ಕಿಂತ ಎಷ್ಟೋ ಮೇಲು. ಅದೇ ಅಂಗಡಿಯ ಮೂಲೆಯಲ್ಲಿ ಗಲ್ಫಿನವರ ಬೈಕು ಇತ್ತು, ಆರು ಸಾವಿರ ಓಡಿದ್ದು, ನಿಜವಾಗಿಯೂ ಗೀರಿಲ್ಲ. ಏರ್ ಫಿಲ್ಟರಿನ ಮುಚ್ಚಳ ತೆಗೆಸಿದೆ. ಒಳಗೆ ತೆಂಗಿನ ನಾರು, ಹರಿದ ಪೇಪರು, ನಡುವೆ ಮೆತ್ತಗೆ ಗುಳಿ ಮಾಡಿದ ಒಂದು ಇಲಿಗೂಡು. ವಯರುಗಳನ್ನೂ ಅಲ್ಲಲ್ಲಿ ರುಚಿ ನೋಡಿತ್ತು. ಟ್ಯಾಂಕಿನಲ್ಲಿ ವರ್ಷಗಟ್ಟಲೆ ನಿಂತ ಪೆಟ್ರೋಲು, ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾದ ಟಯರು. ಅದಕ್ಕೆ ಇದಕ್ಕಿಂತ ಜಾಸ್ತಿ ಬೆಲೆ ಹೇಳುತ್ತಿದ್ದರು!

ನನ್ನ ತಕರಾರು ಇಷ್ಟೇ. ಮೂವತ್ತೆಂಟು ಸಾವಿರ ಓಡಿದ ಗಾಡಿಗೆ ಮೂವತ್ತೆಂಟು ಸಾವಿರ ಓಡಿದ ಬೆಲೆ ಹೇಳಿ. ಅವರು ಹೇಳಿದ್ದು 1,45,000. ಮುಗಿದದ್ದು 1,08,000ಕ್ಕೆ. ಅದರ ನಡುವೆ ಎರಡು ಚಾ, ಒಂದು ಜಗಳ ಮತ್ತು "ನೀವು ಹೀಗೆ ಮಾತಾಡಿದ್ರೆ ನಾನು ಅಂಗಡಿ ಬಾಗಿಲು ಹಾಕ್ಬೇಕಷ್ಟೆ" ಎಂಬ ಮಾತು ಬಂದು ಹೋದವು.

ದುಡ್ಡು ಕೊಡುವ ಮೊದಲು ಪೇಪರು. ಚಾಸಿ ನಂಬರನ್ನು ಬಟ್ಟೆಯಲ್ಲಿ ಒರೆಸಿ ಆರ್‌ಸಿ ಜೊತೆ ತಾಳೆ ನೋಡಿದೆ, ಸರಿಯಿತ್ತು. ಆದರೆ ಆರ್‌ಸಿಯಲ್ಲಿ ಸಾಲದ ನಮೂದು ಹಾಗೇ ಕೂತಿತ್ತು. ಸಾಲ ಕೊಟ್ಟವರ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಮತ್ತು ಫಾರ್ಮ್ 35 ಇಲ್ಲದೆ ಅದು ತೆಗೆದುಹೋಗುವುದಿಲ್ಲ. ಹೆಸರು ಬದಲಾಯಿಸಲು ಫಾರ್ಮ್ 29, 30 ಬೇರೆ. 2023ರ ಏಪ್ರಿಲಿನಿಂದ ಹಳೆ ಗಾಡಿ ಮಾರುವ ಡೀಲರುಗಳು ಆರ್‌ಟಿಒದಲ್ಲಿ ಅಧಿಕಾರಪತ್ರ ಪಡೆಯಬೇಕು ಅಂತ ನಿಯಮವೂ ಬಂದಿದೆ. ಅದನ್ನು ಕೇಳಿದ್ದಕ್ಕೆ ಗೋಡೆಯ ದೇವರ ಫೋಟೋದ ಹಿಂದಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಆನ್‌ಲೈನಿನಲ್ಲಿ ನೋಡಿದರೆ ಹೆಲ್ಮೆಟ್ ಹಾಕದ್ದಕ್ಕೆ ಒಂದು ದಂಡ ಬಾಕಿ. ಡಾಕ್ಟ್ರು! ಅದನ್ನು ಅಂಗಡಿಯವರೇ ಕಟ್ಟಿದರು. ಎನ್‌ಒಸಿ ಮಾತ್ರ "ನಾಳೆ ಬರ್ತದೆ" ಅಂದದ್ದು ಚೌತಿ ಕಳೆದ ಮೇಲೆ ಬಂತು. ಅಡ್ವಾನ್ಸು ಮಾತ್ರ ಕೊಟ್ಟು, ಉಳಿದದ್ದು ಎನ್‌ಒಸಿ ಬಂದ ಮೇಲೆ ಅಂತ ರಶೀದಿಯಲ್ಲಿ ಬರೆಸಿಕೊಂಡಿದ್ದೆ. ಹಾಗಾಗಿ ದಿನಾ ಫೋನು ಮಾಡುವ ಕೆಲಸ ಅವರದ್ದಾಯಿತು.

ಬೈಕು ಮನೆಗೆ ಬಂತು. ಅಮ್ಮ ಸುತ್ತು ಹಾಕಿ ನೋಡಿದರು.

"ಹಳತಾ? ಎಷ್ಟು ಓಡಿದೆ?"

"ಮೂವತ್ತೆಂಟು ಸಾವಿರದ ಮೇಲೆ."

ಅಮ್ಮ ಕನ್ನಡಕ ಸರಿ ಮಾಡಿಕೊಂಡು ಮೀಟರಿನ ಮೇಲೆ ಬಗ್ಗಿದರು. "ಇದರಲ್ಲಿ ಹದಿನಾಲ್ಕು ಅಂತ ಉಂಟಲ್ಲ. ಸುಳ್ಳು ಯಾಕೆ ಹೇಳ್ತಿ?"

ನಾನು ಸರ್ವಿಸ್ ಸೆಂಟರು, ಜಾಬ್ ಕಾರ್ಡು, ಸೆಕೆಂಡ್ ಹ್ಯಾಂಡ್ ಮೀಟರು ಅಂತ ಶುರು ಮಾಡಿದೆ. ಅಷ್ಟರಲ್ಲಿ ಭಾವ ಗೇಟಿನ ಹತ್ತಿರ ಪಕ್ಕದ ಮನೆಯವರಿಗೆ ವಿವರಿಸುತ್ತಿದ್ದರು: "ಹದಿನಾಲ್ಕೇ ಸಾವಿರ ಓಡಿದ್ದು ಮಾರಾಯ್ರೆ. ಡಾಕ್ಟ್ರ ಗಾಡಿ. ನಾನೇ ನೋಡಿ ತೆಗೆಸಿಕೊಟ್ಟದ್ದು."